ಗಣಿಯಿಂದ ಮೈದಾನಕ್ಕೆ

ಕಲ್ಲಿದ್ದಲ ಗಣಿಯ ಆಳದಲ್ಲಿ ಹಗಲೂ ಇರುಳೇ. ಅಲ್ಲಿ ಒಬ್ಬನ ಅಜಾಗರೂಕತೆ ಹಲವರ ಪ್ರಾಣಕ್ಕೆ ಎರವಾಗಬಹುದು. ಒಬ್ಬನ ಎಚ್ಚರ ಹಲವರನ್ನು ಉಳಿಸಬಹುದು. ಸ್ಕಾಟ್ಲೆಂಡಿನ ಹೆಸರಾಂತ ಕಾಲ್ಚೆಂಡಾಟಗಾರರೂ ತರಬೇತುದಾರರೂ ಆದ ಜಾಕ್ ಸ್ಟೀನ್ ಅವರು ಬದುಕಿನ ಮೊದಲ ಪಾಠವನ್ನು ಕಲಿತದ್ದು ಇಂತಹ ಕತ್ತಲೆಯಲ್ಲಿ.

ಸ್ಟೀನ್ ಅವರು 1922ರ ಅಕ್ಟೋಬರ್ 5ರಂದು ಲ್ಯಾನಾರ್ಕ್‌ಷೈರಿನ ಬರ್ನ್‌ಬ್ಯಾಂಕ್ ಎಂಬಲ್ಲಿ ಜನಿಸಿದರು. ಶಾಲೆ ಬಿಟ್ಟ ಮೇಲೆ ಕೆಲವು ಕಾಲ ರತ್ನಗಂಬಳಿಯ ಕಾರ್ಖಾನೆಯಲ್ಲಿ ದುಡಿದು, ಅನಂತರ ಗಣಿಗೆ ಇಳಿದರು. 1942ರಲ್ಲಿ ಆಲ್ಬಿಯನ್ ರೋವರ್ಸ್ ತಂಡವನ್ನು ಸೇರಿದ ಮೇಲೂ ಗಣಿಯ ದುಡಿಮೆ ತಪ್ಪಲಿಲ್ಲ. ಅಲ್ಲಿನ ಸಂಗಡಿಗರು ತಮ್ಮ ಪಾಲಿನ ಕೆಲಸ ಮುಗಿಯಿತೆಂದು ಹೊರಟುಹೋಗುತ್ತಿರಲಿಲ್ಲ. ಎಲ್ಲರ ಕೆಲಸವೂ ಮುಗಿಯುವವರೆಗೆ ಜೊತೆಗಿರುತ್ತಿದ್ದರು. ಅವರಿಗಿಂತ ಉತ್ತಮರಾದ ಜನರೊಡನೆ ತಾವೆಂದೂ ದುಡಿಯಲಾರೆವೆಂಬುದು ಸ್ಟೀನ್ ಅವರ ದೃಢವಾದ ನಂಬಿಕೆಯಾಗಿತ್ತು.

ಆಟಗಾರರಾಗಿ ಅವರು ಅಸಾಧಾರಣ ಪ್ರತಿಭಾವಂತರೇನಲ್ಲ. 1950ರಲ್ಲಿ ಹೊಟ್ಟೆಪಾಡಿಗಾಗಿ ವೇಲ್ಸಿನ ಲನೆಲಿ ಎಂಬ ಸಣ್ಣ ತಂಡಕ್ಕೆ ಹೋದರು. 1951ರ ಕೊನೆಯಲ್ಲಿ ಗ್ಲಾಸ್ಗೋ ನಗರದ ಸೆಲ್ಟಿಕ್ ತಂಡವು ಅವರನ್ನು ಕರೆಸಿಕೊಂಡಿತು. ಮೀಸಲು ಆಟಗಾರರೆಂದು ಬಂದವರು ನಾಯಕರಾದರು. 1954ರಲ್ಲಿ ತಂಡಕ್ಕೆ ಲೀಗ್ ಪ್ರಶಸ್ತಿಯನ್ನೂ ಸ್ಕಾಟಿಷ್ ಕಪ್ಪನ್ನೂ ಗೆದ್ದುಕೊಟ್ಟರು. ಆದರೆ ಕಾಲಿನ ಹರಡಿಗೆ ಬಿದ್ದ ಪೆಟ್ಟು ಮಾಯಲಿಲ್ಲ. 1957ರಲ್ಲಿ ಅವರು ಆಟದಿಂದ ನಿವೃತ್ತರಾಗಬೇಕಾಯಿತು.

ಗ್ಲಾಸ್ಗೋದಲ್ಲಿ ಕಾಲ್ಚೆಂಡಾಟಕ್ಕೂ ಮತಭೇದದ ಸೋಂಕು ತಗುಲಿತ್ತು. ಐರ್ಲೆಂಡಿನಿಂದ ವಲಸೆ ಬಂದ ಬಡ ಕ್ಯಾಥೊಲಿಕರ ನೆರವಿಗೆಂದು ಹುಟ್ಟಿದ್ದು ಸೆಲ್ಟಿಕ್. ಅದರ ಎದುರಾಳಿಯಾದ ರೇಂಜರ್ಸ್ ಪ್ರೊಟೆಸ್ಟೆಂಟರ ಅಭಿಮಾನದ ತಂಡ. ಸ್ಟೀನ್ ಪ್ರೊಟೆಸ್ಟೆಂಟರು. ಅವರು ಸೆಲ್ಟಿಕ್ ಸೇರಿದಾಗ ಹಳೆಯ ಗೆಳೆಯರಲ್ಲಿ ಕೆಲವರು ದೂರವಾದರು. ಡನ್‌ಫರ್ಮ್‌ಲಿನ್ ಮತ್ತು ಹಿಬರ್ನಿಯನ್ ತಂಡಗಳ ಮ್ಯಾನೇಜರರಾಗಿ ಹೆಸರು ಗಳಿಸಿದ ಅವರನ್ನು 1965ರಲ್ಲಿ ಸೆಲ್ಟಿಕ್ ಮರಳಿ ಕರೆದು ತನ್ನ ಹೊಣೆಯನ್ನು ಒಪ್ಪಿಸಿತು. ಕ್ಯಾಥೊಲಿಕರಲ್ಲದವರೊಬ್ಬರು ಆ ಸ್ಥಾನಕ್ಕೆ ಬಂದುದು ಅದೇ ಮೊದಲು. ಸ್ಟೀನ್ ಆಟಗಾರರಲ್ಲಿ ಮತವನ್ನು ನೋಡಲಿಲ್ಲ. ಆಟವನ್ನೂ ಮನಸ್ಸನ್ನೂ ನೋಡಿದರು.

1967ರ ಮೇ 25ರಂದು ಪೋರ್ಚುಗಲ್ಲಿನ ಲಿಸ್ಬನ್ ನಗರದಲ್ಲಿ ಯೂರೋಪಿಯನ್ ಕಪ್ಪಿನ ಅಂತಿಮ ಪಂದ್ಯ. ಎದುರಿಗಿದ್ದುದು 1964 ಮತ್ತು 1965ರಲ್ಲಿ ಆ ಕಪ್ಪನ್ನು ಗೆದ್ದಿದ್ದ ಇಟಲಿಯ ಇಂಟರ್ ಮಿಲಾನ್. ಸೆಲ್ಟಿಕ್ ಪರ ಆಡಿದ ಹನ್ನೊಂದು ಮಂದಿಯೂ ಗ್ಲಾಸ್ಗೋದಿಂದ ಸುಮಾರು 30 ಮೈಲಿಗಳ ಒಳಗೆ ಹುಟ್ಟಿದವರು. ಏಳನೆಯ ನಿಮಿಷದಲ್ಲೇ ಇಂಟರ್ ಪೆನಾಲ್ಟಿಯಿಂದ ಗೋಲು ಗಳಿಸಿ, ಬಳಿಕ ತನ್ನ ಗೋಲಿನ ಮುಂದೆ ಕೋಟೆ ಕಟ್ಟಿ ನಿಂತಿತು. ಸೆಲ್ಟಿಕ್ ಆಟಗಾರರು ಎದೆಗುಂದಲಿಲ್ಲ. ಅಲೆಯ ಮೇಲೆ ಅಲೆಯಂತೆ ನುಗ್ಗಿದರು. 63ನೆಯ ನಿಮಿಷದಲ್ಲಿ ರಕ್ಷಣಾ ಆಟಗಾರ ಟಾಮಿ ಗೆಮೆಲ್ ದೂರದಿಂದ ಒದ್ದ ಚೆಂಡು ಗೋಲಾಯಿತು. 84ನೆಯ ನಿಮಿಷದಲ್ಲಿ ಸ್ಟೀವಿ ಚಾಮರ್ಸ್ ಗೆಲುವಿನ ಗೋಲನ್ನು ಹೊಡೆದರು. ಬ್ರಿಟನ್ನಿನ ತಂಡವೊಂದು ಆ ಕಪ್ಪನ್ನು ಗೆದ್ದುದು ಅದೇ ಮೊದಲು.

ಸ್ಟೀನ್ ಶಿಸ್ತಿನಲ್ಲಿ ಕಠಿಣರು. ಆದರೆ ಒಬ್ಬೊಬ್ಬರ ಒಳಗನ್ನೂ ಬಲ್ಲವರು. ಜಿಮ್ಮಿ ಜಾನ್‌ಸ್ಟನ್ ಎಂಬ ಚತುರ ಆಟಗಾರರಿಗೆ ವಿಮಾನಯಾನವೆಂದರೆ ಭಯ. 1968ರಲ್ಲಿ ಯುಗೊಸ್ಲಾವಿಯದ ರೆಡ್ ಸ್ಟಾರ್ ತಂಡದೊಡನೆ ಗ್ಲಾಸ್ಗೋದಲ್ಲಿ ನಡೆದ ಪಂದ್ಯದ ವಿರಾಮದಲ್ಲಿ, ಚೆನ್ನಾಗಿ ಆಡಿ ದೊಡ್ಡ ಅಂತರದಿಂದ ಗೆಲ್ಲಿಸಿದರೆ ಮರುಪಂದ್ಯಕ್ಕೆ ಬೆಲ್‌ಗ್ರೇಡಿಗೆ ಹಾರಬೇಕಾಗಿಲ್ಲವೆಂದು ಸ್ಟೀನ್ ಮಾತು ಕೊಟ್ಟರು. ಆಗ 1-1ರಲ್ಲಿದ್ದ ಪಂದ್ಯವನ್ನು ಸೆಲ್ಟಿಕ್ 5-1ರಿಂದ ಗೆದ್ದಿತು. ಸ್ಟೀನ್ ಮಾತಿಗೆ ತಪ್ಪಲಿಲ್ಲ. 1966ರಿಂದ 1974ರವರೆಗೆ ಸತತವಾಗಿ ಒಂಬತ್ತು ಬಾರಿ ಲೀಗ್ ಪ್ರಶಸ್ತಿ ಅವರ ತಂಡದ್ದಾಯಿತು.

1978ರಲ್ಲಿ ಅವರು ಸ್ಕಾಟ್ಲೆಂಡಿನ ರಾಷ್ಟ್ರೀಯ ತಂಡದ ಹೊಣೆ ಹೊತ್ತರು. 1985ರ ಸೆಪ್ಟೆಂಬರ್ 10ರಂದು ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧ ಪಂದ್ಯ. ವಿಶ್ವಕಪ್ಪಿನ ದಾರಿ ತೆರೆದಿರಬೇಕಾದರೆ ಸೋಲಬಾರದು. ಕೊನೆಯ ಹತ್ತು ನಿಮಿಷಗಳಿರುವಾಗ ಸ್ಕಾಟ್ಲೆಂಡ್ ಪೆನಾಲ್ಟಿಯಿಂದ ಸಮಬಲ ಸಾಧಿಸಿತು. ಆಟ ಮುಗಿಯುವ ಹೊತ್ತಿಗೆ ಸ್ಟೀನ್ ಮೈದಾನದ ಅಂಚಿನಲ್ಲಿ ಕುಸಿದರು; ಕೆಲಹೊತ್ತಿನಲ್ಲೇ ಪ್ರಾಣ ಬಿಟ್ಟರು. ಆಗ ಅವರ ವಯಸ್ಸು 62. ಸಹಾಯಕರಾಗಿದ್ದ ಅಲೆಕ್ಸ್ ಫರ್ಗುಸನ್ ಅವರ ಮುಂದಾಳುತನದಲ್ಲಿ ತಂಡವು 1986ರ ವಿಶ್ವಕಪ್ಪಿನಲ್ಲಿ ಆಡಿತು.

ಗಣಿಯಲ್ಲಿ ಪಕ್ಕದವನ ಮತ ಯಾವುದೆಂದು ಕೇಳಿ ಯಾರೂ ಕೈ ಹಿಡಿಯುವುದಿಲ್ಲ. ಆ ಕತ್ತಲೆಯ ಪಾಠವನ್ನು ಸ್ಟೀನ್ ಮೈದಾನದ ಬೆಳಕಿಗೆ ತಂದರು. ಅವರು ಗಳಿಸಿದ ಕಪ್ಪುಗಳಿಗಿಂತ ಹಿರಿದಾದುದು ಅದೇ.