ಹಟ್ಟಿಗೆ ಹೋದ ಮೂರನೇ ತಂತಿ

ದನ ಅಕ್ಕಚ್ಚು ಕುಡಿಯುತ್ತಿಲ್ಲ ಎಂದು ಅಮ್ಮ ಹೇಳಿದ್ದು ಮೇ ತಿಂಗಳ ಕೊನೆಗೆ, ಎರಡು ದೊಡ್ಡ ಮಳೆ ಬಿದ್ದ ಮೇಲೆ. ಮರಿಗೆಯ ಹತ್ತಿರ ಬರುತ್ತದೆ, ಮೂಸುತ್ತದೆ, ನಾಲಿಗೆ ತಾಗಿತು ಅನ್ನುವಾಗ ತಲೆ ಕೊಡವಿ ಹಿಂದೆ ಸರಿಯುತ್ತದೆ. ಬಾಯಲ್ಲಿ ಹುಣ್ಣಾಗಿದೆಯೋ ಏನೋ ಎಂದು ಡಾಕ್ಟರಿಗೆ ತೋರಿಸಿದೆವು. ಬಾಯಿ, ಗೊರಸು, ಜ್ವರ ಎಲ್ಲ ನೋಡಿ ಏನೂ ಇಲ್ಲ ಎಂದರು. ಹಾಲು ಅರ್ಧಕ್ಕೆ ಇಳಿಯಿತು. ನಾಲ್ಕನೇ ದಿನ ಅಮ್ಮ ಅದನ್ನು ಹಟ್ಟಿಯಿಂದ ಬಿಚ್ಚಿ ಹಲಸಿನ ಮರದ ಬುಡದಲ್ಲಿ ಕಟ್ಟಿ, ಅದೇ ಅಕ್ಕಚ್ಚನ್ನು ಪ್ಲಾಸ್ಟಿಕ್ ಬಾಲ್ದಿಯಲ್ಲಿ ಇಟ್ಟಳು. ಒಂದೇ ಉಸಿರಿಗೆ ಬಾಲ್ದಿ ಖಾಲಿ.

"ದನಕ್ಕೆ ಏನೂ ಆಗ್ಲಿಲ್ಲ, ಹಟ್ಟಿಗೇ ಏನೋ ಆಗಿದೆ" ಎಂದಳು.

ಮಾಣಿ–ಮೈಸೂರು ಹೆದ್ದಾರಿಯಿಂದ ಕಾಸರಗೋಡಿನ ರಸ್ತೆ ಕವಲೊಡೆಯುವುದು ನಮ್ಮ ಜಾಲ್ಸೂರಿನಲ್ಲಿ. ಹಿಂದೆ ನಮ್ಮ ಮನೆ ಇದ್ದದ್ದು ಕೆಳಗೆ, ತೋಟದ ಅಂಚಿನಲ್ಲಿ. ರಸ್ತೆಗೆ ಹತ್ತಿರವಾಗಲಿ ಎಂದು ಅಪ್ಪ ಗುಡ್ಡೆಯ ಮೇಲೆ ಹೊಸ ಮನೆ ಕಟ್ಟಿಸಿದರು. ಹಟ್ಟಿಯೂ ಅದಕ್ಕೆ ತಾಗಿದ ಅಡಿಕೆ ಕೊಟ್ಟಿಗೆಯೂ ಕೆಳಗೇ ಉಳಿದವು. ಮನೆಯಿಂದ ಅಲ್ಲಿಗೆ 120 ಮೀಟರ್. ಮೀಟರು ಬೋರ್ಡು ಮೇಲಿನ ಮನೆಗೆ ಹೋದ ಮೇಲೆ ಹಟ್ಟಿಗೆ ಒಂದು ಬಲ್ಬು ಬೇಕಲ್ಲ, ಅಪ್ಪ ಎರಡು ಎಳೆಯ ಅಲ್ಯೂಮಿನಿಯಂ ಸರ್ವಿಸ್ ವಯರು ತಂದು, ಅಡಿಕೆ ಮರದಿಂದ ಮರಕ್ಕೆ ಎಳೆಸಿ, ಸೈಕಲ್ ಟಯರಿನ ತುಂಡು ಕೊಟ್ಟು ಕಟ್ಟಿಸಿದರು. ಊರಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಹಾಗೆಯೇ. ಅಡಿಕೆ ಮರ ಒಳ್ಳೆಯ ಕಂಬವೂ ಹೌದು. ಅದು ಬೆಳೆಯುವುದು ತುದಿಯಲ್ಲಿ ಮಾತ್ರ. ಕಾಂಡ ಮಾವು ಹಲಸಿನ ಹಾಗೆ ದಪ್ಪವಾಗಿ ಕಟ್ಟನ್ನು ನುಂಗುವುದಿಲ್ಲ, ಕಟ್ಟು ಇದ್ದ ಎತ್ತರದಲ್ಲೇ ಇರುತ್ತದೆ. ಆ ಲೈನು 20 ವರ್ಷಕ್ಕೂ ಮಿಕ್ಕಿ ಬಾಳಿತು. ಮೊದಲು ಬರೀ ಒಂದು ಬಲ್ಬು. ಆಮೇಲೆ ಅದರ ತುದಿಗೇ ಅಡಿಕೆ ಸುಲಿಯುವ ಮಿಷನ್ನು ಬಂತು, ಒಂದು ಫ್ಯಾನು ಬಂತು, ಮೊಬೈಲು ಚಾರ್ಜಿಗೆ ಒಂದು ಪ್ಲಗ್ಗು ಬಂತು. ತಂತಿ ಮಾತ್ರ ಎರಡೇ.

ಕನಕಮಜಲು ಕಡೆಯಿಂದ ವೈರಿಂಗಿನವರು ಬಂದರು. ವಯಸ್ಸಿನಲ್ಲಿ ನನಗಿಂತ ಸಣ್ಣವರು, ಮಾತು ಕಡಿಮೆ. ಹಟ್ಟಿಯ ಬಾಗಿಲಲ್ಲಿ ನಿಂತು ತುಳುವಿನಲ್ಲಿ ಅಮ್ಮನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅಕ್ಕ, ನೀವು ಹಟ್ಟಿಗೆ ಬರುವಾಗ ಚಪ್ಪಲಿ ಹಾಕ್ತೀರಾ?" ಹಾಕುತ್ತೇನೆ, ಸೆಗಣಿ ನೀರಲ್ಲವಾ ಎಂದಳು ಅಮ್ಮ. ಅವರು ತಲೆಯಾಡಿಸಿ ಮೀಟರಿನ ಒಂದು ಕಡ್ಡಿಯನ್ನು ದನ ಕಟ್ಟುವ ಕಬ್ಬಿಣದ ಪೈಪಿಗೆ, ಇನ್ನೊಂದನ್ನು ದನದ ಕಾಲು ಇರುವ ಒದ್ದೆ ನೆಲಕ್ಕೆ ಇಟ್ಟರು. 11 ವೋಲ್ಟ್ ತೋರಿಸಿತು. ರಬ್ಬರು ಚಪ್ಪಲಿ ಹಾಕಿದ ಅಮ್ಮನಿಗೆ ಅದು ಗೊತ್ತೇ ಆಗುವಂತಿಲ್ಲ. ದನದ ವಿಷಯ ಬೇರೆ. ಅದರ ಮೈ ನಮ್ಮ ಮೈಗಿಂತ ಸುಲಭವಾಗಿ ಕರೆಂಟು ಬಿಟ್ಟುಕೊಡುತ್ತದೆ, ನಿಂತದ್ದು ನಾಲ್ಕು ಬರಿಗಾಲಿನ ಮೇಲೆ, ಕುಡಿಯುವುದು ಒದ್ದೆ ಮೂತಿಯಿಂದ. ಮೂರು ನಾಲ್ಕು ವೋಲ್ಟಿಗೇ ಅದು ಬೆಚ್ಚುತ್ತದೆ.

ಮೂಲ ಹುಡುಕಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ತಂತಿ ಕೊಟ್ಟಿಗೆಯೊಳಗೆ ನುಗ್ಗುವ ಕಡೆ, ಮಾಡಿನ ಶೀಟಿನ ಅಂಚು ಗಾಳಿಗೆ ಅಲುಗಾಡಿ ಅಲುಗಾಡಿ ಮೇಲಿನ ಕಪ್ಪು ಸಿಪ್ಪೆಯನ್ನು ತಿಂದಿತ್ತು. ಬೆರಳಿನ ಉಗುರಿನಷ್ಟು ಜಾಗದಲ್ಲಿ ಅಲ್ಯೂಮಿನಿಯಂ ಬೆಳ್ಳಗೆ ಕಾಣುತ್ತಿತ್ತು. ಬೇಸಿಗೆಯಲ್ಲಿ ಒಣಗಿದ್ದು ಮಳೆಗೆ ಒದ್ದೆಯಾಯಿತು, ಒಸರಿದ ಕರೆಂಟು ಶೀಟಿನಿಂದ ಕಬ್ಬಿಣದ ಜಂತಿಗೆ, ಜಂತಿಯಿಂದ ಪೈಪಿಗೆ ಇಳಿಯಿತು. ಅವರು ಹಟ್ಟಿಯ ಲೈನಿನ ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಂಡರು. ಸಂಜೆ ದನ ಮರಿಗೆಯಲ್ಲೇ ಕುಡಿಯಿತು.

ನಾನು ಬರೆಯಲು ಕೂತದ್ದು ದನದ ಕತೆಗಲ್ಲ. ಆ ಜಂತಿಗೇ ಬೋಲ್ಟು ಹಾಕಿ ನಿಲ್ಲಿಸಿದ್ದ ಸುಲಿಯುವ ಮಿಷನ್ನಿನ ಎದುರು ಒಂದು ಹಲಗೆ ಇತ್ತು. ಹೆಬ್ಬಲಸಿನ ಹಲಗೆ, ಎರಡಡಿ ಉದ್ದ. ನಮ್ಮಲ್ಲಿ ಅಡಿಕೆ ಕೆಲಸಕ್ಕೆ ಬಹಳ ವರ್ಷಗಳಿಂದ ಬರುವ ಅಕ್ಕ ಒಬ್ಬರಿದ್ದಾರೆ. ಹಿಂದಿನ ವರ್ಷದ ಆಟಿಯಲ್ಲಿ, ಒಣಗಿದ ಅಡಿಕೆ ಸುಲಿಯುತ್ತಿರುವಾಗ, "ಅಣ್ಣ, ಇದು ಮುಟ್ಟಿದ್ರೆ ಕೈ ಜುಂ ಅಂತದೆ" ಎಂದು ಅವರು ನನಗೆ ಹೇಳಿದ್ದರು. ಮಳೆಗಾಲವಲ್ಲವಾ, ಸ್ವಲ್ಪ ತಂಪು ಹಿಡಿದಿರಬೇಕು ಎಂದೆ. ಹಲಗೆ ತಂದು ಕೊಟ್ಟದ್ದು ನಾನೇ. ಅದರ ಮೇಲೆ ನಿಂತು ಅವರು ಆ ವರ್ಷದ ಅಡಿಕೆಯನ್ನೆಲ್ಲ ಸುಲಿದರು. ಒಣ ಹಲಗೆ ಕರೆಂಟನ್ನು ತಡೆಯುತ್ತದೆ, ಒದ್ದೆ ಹಲಗೆ ತಡೆಯುವುದಿಲ್ಲ; ಆಟಿಯ ಮಳೆಯಲ್ಲಿ ಕೊಟ್ಟಿಗೆಯ ಹಲಗೆ ಎಷ್ಟು ಒಣಗಿರುತ್ತದೆ? ಹಾಲು ಇಳಿದಾಗ ನಾಲ್ಕೇ ದಿನಕ್ಕೆ ವೈರಿಂಗಿನವರನ್ನು ಕರೆಸಿದವನು, ಮನುಷ್ಯರು ಬಾಯಿಬಿಟ್ಟು ಹೇಳಿದಾಗ ಹಲಗೆ ಕೊಟ್ಟಿದ್ದೆ. ಇದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯೊಳಗೆ ಏನೋ ಆಗುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಒಮ್ಮೆ ಕಣ್ಣಾಡಿಸಿ. ಚಾವಡಿಯ ಟಿವಿಗೆ, ಅಡುಗೆ ಕೋಣೆಯ ಮಿಕ್ಸಿಗೆ, ಫ್ರಿಜ್ಜಿಗೆ ಮೂರು ತೂತಿನ ಪ್ಲಗ್ಗು. ಹಟ್ಟಿಗೆ, ಕೊಟ್ಟಿಗೆಗೆ, ಕೆಲಸದವರು ಉಳಿಯುವ ಕೋಣೆಗೆ ಎರಡು ತಂತಿ. ಬಲ್ಬು ಉರಿಯಲು, ಮೋಟರು ತಿರುಗಲು ಎರಡೇ ಸಾಕು, ಒಂದರಲ್ಲಿ ಬಂದು ಇನ್ನೊಂದರಲ್ಲಿ ಹಿಂದೆ ಹೋಗುತ್ತದೆ. ಮೂರನೆಯದು ಯಂತ್ರಕ್ಕೆ ಬೇಡ. ಅದು ಯಂತ್ರವನ್ನು ಮುಟ್ಟುವವರಿಗೆ. ಯಂತ್ರದ ಮೈಗೆ ಕರೆಂಟು ಬಂದರೆ ಮುಟ್ಟಿದವರ ಮೈಯ ದಾರಿ ಹಿಡಿಯದೆ ನೆಲಕ್ಕೆ ಇಳಿದು ಹೋಗಲಿ ಎಂದು ಇರುವ ತಂತಿ. ಖರ್ಚು ಉಳಿಸಬೇಕಾದಾಗ ಮೊದಲು ಬಿಡುವುದು ಅದನ್ನೇ, ಏಕೆಂದರೆ ಅದು ಇಲ್ಲದಿದ್ದರೂ ಎಲ್ಲವೂ ನಡೆಯುತ್ತದೆ.

ಹಳೆಯ ಲೈನಿಗೇ ಒಂದು ತಂತಿ ಸೇರಿಸಿದರಾಯಿತು ಎಂದವರಿದ್ದರು. ನ್ಯೂಟ್ರಲನ್ನೇ ಮಿಷನ್ನಿನ ಮೈಗೆ ಕೊಟ್ಟುಬಿಡಿ, ಅರ್ತಿಂಗ್ ಆದ ಹಾಗೇ ಆಯಿತು ಎಂದವರೂ ಇದ್ದರು. ಇದರಷ್ಟು ಅಪಾಯದ ಸಲಹೆ ಇನ್ನೊಂದಿಲ್ಲ. ದಾರಿಯಲ್ಲಿ ಎಲ್ಲೋ ನ್ಯೂಟ್ರಲ್ ತುಂಡಾದರೆ, ಸ್ವಿಚ್ಚು ಹಾಕಿದ ಕೂಡಲೇ ಪೂರಾ 230 ವೋಲ್ಟು ಮಿಷನ್ನಿನ ಮೈಯಲ್ಲಿ ಕಾದು ಕೂತಿರುತ್ತದೆ. ಮರದಿಂದ ಮರಕ್ಕೆ ಹೋಗುವ ತಂತಿಯ ಮೇಲೆ ಒಂದು ಸೋಗೆ ಬಿದ್ದರೆ ಸಾಕು ಅದು ತುಂಡಾಗಲು.

ತೋಟದೊಳಗೆ ಮೇಲಿನಿಂದ ತಂತಿ ಎಳೆಯುವ ಕಾಲ ಮುಗಿಯಿತು ಎಂದು ನಾನು ನಂಬಿದ್ದೇನೆ. ಸೋಗೆ ಒಂದು ಕಾರಣ ಅಷ್ಟೇ. ದೊಡ್ಡ ಕಾರಣ ದೋಟಿ. ಮರ ಹತ್ತುವವರು ಕಡಿಮೆಯಾದ ಮೇಲೆ ಕೊಯ್ಲಿಗೂ ಮದ್ದು ಬಿಡುವುದಕ್ಕೂ ನೆಲದಲ್ಲೇ ನಿಂತು ಮಾಡುವ ಕಾರ್ಬನ್ ಫೈಬರ್ ದೋಟಿ ಬಂತು. ಹಗುರ, ಗಟ್ಟಿ, 60 ಅಡಿಯ ಆಚೆಗೂ ಚಾಚುತ್ತದೆ. ನೋಡಿದರೆ ಪ್ಲಾಸ್ಟಿಕ್ಕಿನ ಹಾಗೆ ಕಾಣುವ ಆ ಕಪ್ಪು ಕೋಲು ಕರೆಂಟನ್ನು ಸಲೀಸಾಗಿ ಹರಿಯಬಿಡುತ್ತದೆ, ಕಾರ್ಬನ್ನಿನ ಗುಣ ಅದು. ಹಿಡಿದವರ ಕಣ್ಣು ಗೊನೆಯ ಮೇಲೆ, ಕತ್ತು ಮೇಲಕ್ಕೆ, ಕಾಲು ಕಣಿಯ ನೀರಿನಲ್ಲಿ. ಹಸಿರು ಸೋಗೆಯ ನಡುವೆ ಹಳೆಯ ತಂತಿ ಕಾಣುವುದೇ ಇಲ್ಲ. ಇನ್ನು ಆನೆಗಳು. 2023ರ ಏಪ್ರಿಲಿನಲ್ಲಿ ನಮ್ಮ ಹತ್ತಿರದ ಅಜ್ಜಾವರದಲ್ಲಿ ಮರಿಗಳೂ ಸೇರಿ ನಾಲ್ಕು ಆನೆಗಳು ತೋಟದ ಕೆರೆಗೆ ಬಿದ್ದು, ಊರವರೂ ಅರಣ್ಯ ಇಲಾಖೆಯವರೂ ಸೇರಿ ದಾರಿ ಮಾಡಿ ಹತ್ತಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ರಾತ್ರಿ ತೋಟಕ್ಕೆ ಬರುವ ಆ ಜೀವಗಳ ಸೊಂಡಿಲಿಗೆ ಸಿಗುವಷ್ಟು ಎತ್ತರದಲ್ಲಿ ಕರೆಂಟು ತೂಗುಹಾಕುವುದು ಯಾವ ನ್ಯಾಯ?

ಹಾಗಾಗಿ ಮಣ್ಣಿನಡಿಯಲ್ಲಿ ಹೋಗುವುದೆಂದು ನಿಶ್ಚಯವಾಯಿತು. ಉಕ್ಕಿನ ಕವಚದ ಆರ್ಮರ್ಡ್ ಕೇಬಲ್ಲು. ಎಷ್ಟು ದಪ್ಪದ್ದು ಎಂಬ ಮಾತು ಬಂದಾಗ ಹಳೆಯ ಮಿಷನ್ನು ಹೊರಡಲು ಒದ್ದಾಡುತ್ತಿದ್ದ ಕಾರಣವೂ ತಿಳಿಯಿತು. ಅಪ್ಪನ ತಂತಿ 2.5 ಚದರ ಮಿಲಿಮೀಟರಿನದು. ಹೋಗಿ ಬರುವ ದಾರಿ ಸೇರಿ 240 ಮೀಟರ್, ಅದರ ತಡೆ ಸುಮಾರು 2.9 ಓಮ್. ಒಂದು ಎಚ್‌ಪಿ ಮೋಟರು ಹೊರಡುವ ಕ್ಷಣದಲ್ಲಿ 25 ಆಂಪಿಯರ್ ಎಳೆದರೆ 70 ವೋಲ್ಟಿಗೂ ಹೆಚ್ಚು ತಂತಿಯಲ್ಲೇ ಕರಗುತ್ತದೆ. ಬೇಸಿಗೆಯಲ್ಲಿ ಊರಿನ ಪಂಪುಗಳೆಲ್ಲ ಒಟ್ಟಿಗೆ ತಿರುಗುವಾಗ ಮನೆಯಲ್ಲೇ ಇರುವುದು 190. ಉಳಿದದ್ದರಲ್ಲಿ ಮೋಟರು ಗುರ್ ಎಂದು ನಿಲ್ಲುತ್ತಿತ್ತು, ಆ ಅಕ್ಕ ಬೆಲ್ಟನ್ನು ಕೈಯಿಂದ ಎಳೆದು ತಿರುಗಿಸಿ ಹೊರಡಿಸುತ್ತಿದ್ದರು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ 147 ಕಿಲೋಮೀಟರು ದೂರ ಕರೆಂಟು ಮುಟ್ಟಿಸಲು ಸಾಧ್ಯವಾದದ್ದು ಸಾವಿರಾರು ವೋಲ್ಟಿಗೆ ಏರಿಸಿ ಕಳಿಸಿದ್ದರಿಂದ. ವೋಲ್ಟು ಹೆಚ್ಚಾದಷ್ಟೂ ಆಂಪಿಯರು ಕಡಿಮೆ ಸಾಕು, ದಾರಿಯ ಸೋರಿಕೆ ಇಳಿಯುತ್ತದೆ. ಹಟ್ಟಿಗೆ ಹಾಗೆ ಮಾಡಲಾಗದು, ನಮಗಿರುವ ದಾರಿ ತಂತಿಯನ್ನು ದಪ್ಪ ಮಾಡುವುದು ಒಂದೇ. 10 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ಲು ತಂದೆವು. ಹೊರಡುವ ಹೊತ್ತಿನ ನಷ್ಟ 20 ವೋಲ್ಟಿನೊಳಗೆ ಬಂತು.

ಕಣಿ ತೋಡಿದ್ದು ಐದು ದಿನ. ಎರಡೂವರೆ ಅಡಿ ಆಳ. ಮೇಲಿನ ಒಂದಡಿ ಮಣ್ಣು, ಕೆಳಗೆ ಮುರಕಲ್ಲು. ಪಿಕ್ಕಾಸು ಬಿದ್ದರೆ ಕಿಡಿ. ತಳಕ್ಕೆ ಹೊಯ್ಗೆ ಹಾಸಿ ಕೇಬಲ್ಲು ಮಲಗಿಸಿ, ಮೇಲೆ ಇನ್ನಷ್ಟು ಹೊಯ್ಗೆ ಹಾಕಿದ ಮೇಲೆ, ಮುಂದೆ ಯಾರಾದರೂ ಅಗೆದರೆ ಎಚ್ಚರಿಕೆಗೆ ಏನಾದರೂ ಮುಚ್ಚಬೇಕಿತ್ತು. ಹಟ್ಟಿಯ ಹಿಂದೆ ಹಳೆಯ ಮನೆಯ ಹಂಚು ರಾಶಿ ಬಿದ್ದಿತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರು ಮಾಡಿದ ಆ ಕಸುಬಿನ ಹಂಚೇ ನಮ್ಮ ಊರಿನ ಮಾಡುಗಳಿಗೆಲ್ಲ ಬಂದದ್ದು. ಪಾಚಿ ಉಜ್ಜಿ ಒಂದೊಂದೇ ಹಂಚನ್ನು ಅಮ್ಮ ಕೈಗೆ ಕೊಟ್ಟಳು, ನಾನು ಕಣಿಯಲ್ಲಿ ಕೂತು ಜೋಡಿಸಿದೆ. ಅವಳು ಮದುವೆಯಾಗಿ ಬಂದಾಗ ತಲೆಯ ಮೇಲಿದ್ದ ಮಾಡು 120 ಮೀಟರು ಉದ್ದಕ್ಕೆ ನೆಲದೊಳಗೆ ಮಲಗಿತು.

ಅರ್ತಿಂಗಿಗೆ ಜಾಗ ಹುಡುಕುವುದು ಬೇರೆಯೇ ಕೆಲಸ. ಮುರಕಲ್ಲಿನ ನೆಲ ಕರೆಂಟನ್ನು ಸುಲಭದಲ್ಲಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂಗಳದ ಬದಿಯಲ್ಲಿ ಪರೀಕ್ಷೆಗೆ ಊರಿದ ಸರಳು 60 ಓಮಿನ ಮೇಲೆ ತೋರಿಸಿತು. ಕೊನೆಗೆ ಹಟ್ಟಿಯ ಕೆಳಗೆ, ತೋಟದ ಕಣಿಯ ಪಕ್ಕದ ಜೌಗಿನಲ್ಲಿ ಎಂಟಡಿ ಗುಂಡಿ ತೆಗೆದು, ತೂತು ಕೊರೆದ ಜಿಐ ಪೈಪು ಇಳಿಸಿ, ಸುತ್ತ ಇದ್ದಿಲು ಒಂದು ಪದರ, ಉಪ್ಪು ಒಂದು ಪದರ ತುಂಬಿದೆವು. 18 ಓಮ್ ಬಂತು. ಸಾಕಾ ಎಂದು ಕೇಳಿದೆ. ವೈರಿಂಗಿನವರು ನೆಲದಲ್ಲಿ ಕಡ್ಡಿಯಿಂದ ಲೆಕ್ಕ ಬರೆದು ತೋರಿಸಿದರು: 230ನ್ನು 18ರಿಂದ ಭಾಗಿಸಿದರೆ 13ಕ್ಕಿಂತ ಕಡಿಮೆ. ಮಿಷನ್ನಿನ ಮೈಗೆ ಕರೆಂಟು ತಾಗಿದರೂ ನೆಲಕ್ಕೆ ಇಳಿಯುವುದು 13 ಆಂಪಿಯರು ಕೂಡ ಇಲ್ಲ, 16ರ ಫ್ಯೂಸು ಹೋಗುವುದಿಲ್ಲ, ಮೈ ಕರೆಂಟಿನಲ್ಲೇ ಇರುತ್ತದೆ. "ಅರ್ತಿಂಗ್ ಮಾತ್ರ ನಂಬಿದ್ರೆ ನಮ್ಮ ಮಣ್ಣಿನಲ್ಲಿ ಆಗುದಿಲ್ಲ." ಅದಕ್ಕೆ ಮನೆಯ ತುದಿಯಲ್ಲಿ ಆರ್‌ಸಿಸಿಬಿ. ಹೋದ ಕರೆಂಟಿಗೂ ಹಿಂದೆ ಬಂದ ಕರೆಂಟಿಗೂ 30 ಮಿಲಿಆಂಪಿಯರು, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲು, ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವ ಮೊದಲು ಲೈನು ಕಡಿದು ಹಾಕುತ್ತದೆ. ಮೂರನೇ ತಂತಿ ಮಿಷನ್ನಿನ ಮೈಯಲ್ಲಿದ್ದರೆ ಮನುಷ್ಯರು ಮುಟ್ಟುವ ತನಕ ಆರ್‌ಸಿಸಿಬಿ ಕಾಯಬೇಕಾಗಿಲ್ಲ, ಒಸರಲು ಶುರುವಾದಾಗಲೇ ಬೀಳುತ್ತದೆ. ಒಂದಕ್ಕೊಂದು ಜೋಡಿ ಅವು. ನಮ್ಮೂರಿನಲ್ಲಿ ಹೊಸ ಮನೆಗಳಿಗೆಲ್ಲ ಇದು ಬಂದಿದೆ. ಹಟ್ಟಿಗಳಿಗೆ ಬಂದಿಲ್ಲ.

ಮೂಡು ದಿಕ್ಕಿನಲ್ಲಿ ಘಟ್ಟದ ಕಡೆಯಿಂದ ಮೋಡ ಕಪ್ಪಾಗಿ ಗುಡುಗು ಕೇಳಿದರೆ ಅಮ್ಮ ಈಗ ಮೊದಲು ಹಟ್ಟಿಯ ಸ್ವಿಚ್ಚು ಇಳಿಸುತ್ತಾಳೆ. ಸಂಕ್ರಮಣದ ದಿನ ದೇವರಿಗೆ ದೀಪ ಹಚ್ಚಿದ ಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತುತ್ತಾಳೆ, ಟಕ್ ಎಂದು ಬಿದ್ದರೆ ಮತ್ತೆ ಎತ್ತಿಡುತ್ತಾಳೆ. ತಿಂಗಳಿಗೊಮ್ಮೆ ಒತ್ತಿ ಎಂದು ವೈರಿಂಗಿನವರು ಹೇಳಿದ್ದಕ್ಕೆ ಅವಳು ಕಂಡುಕೊಂಡ ಲೆಕ್ಕ ಅದು. ಕುಂಭ ಮಾಸದಿಂದ ಮಳೆ ಬರುವ ತನಕ ಹಟ್ಟಿಗೆ ಎರಡು ಬಾಲ್ದಿ ಹೋಗುತ್ತದೆ. ಒಂದು ದನಕ್ಕೆ, ಒಂದು ಅರ್ತಿಂಗಿನ ಗುಂಡಿಗೆ.

ಈ ವರ್ಷದ ಸುಲಿತ ಆಟಿಯ ಮೊದಲ ವಾರ ಶುರುವಾಯಿತು. ಆ ಅಕ್ಕ ಬಂದಾಗ ನಾನು ಕೊಟ್ಟಿಗೆಯಲ್ಲೇ ಇದ್ದೆ. ಹೊಸ ಬೋರ್ಡು ತೋರಿಸಿದೆ, ಮಿಷನ್ನಿನ ಕಾಲಿಗೆ ಬಿಗಿದ ಹಸಿರು ತಂತಿ ತೋರಿಸಿದೆ, ಹೋದ ವರ್ಷ ನೀವು ಹೇಳಿದಾಗ ನಾನು ಕೇಳಬೇಕಿತ್ತು ಎಂದೆ. ಅವರು "ಇರ್ಲಿ ಅಣ್ಣ" ಎಂದರು. ಚಪ್ಪಲಿ ಹಾಕದ ಕಾಲಿನಲ್ಲಿ ನಾನೇ ಮೊದಲು ಮಿಷನ್ನು ಹಿಡಿದು ಸ್ವಿಚ್ಚು ಹಾಕಿದೆ. ಬೆಲ್ಟು ಯಾರೂ ಎಳೆಯದೆ ಅದು ಹೊರಟಿತು. ಅವರು ನನ್ನ ಕಾಲನ್ನು ನೋಡಿದರು, ಮಿಷನ್ನನ್ನು ನೋಡಿದರು. ಆಮೇಲೆ ಮೂಲೆಗೆ ಹೋಗಿ, ಅಡಿಕೆ ಗೋಣಿಯ ಹಿಂದೆ ಒರಗಿಸಿಟ್ಟಿದ್ದ ಹೆಬ್ಬಲಸಿನ ಹಲಗೆಯನ್ನು ಎಳೆದು ತಂದು, ಅದರ ಮೇಲೆ ನಿಂತು ಕೆಲಸ ಶುರು ಮಾಡಿದರು. ಬೇಡ ಎಂದು ನಾನು ಹೇಳಲಿಲ್ಲ.