ತುಂಬಿದ ಕೆರೆ, ಮುಚ್ಚಿದ ತೂಬು

ಸಂಗೀತವೆಂದೊಡನೆ ತಂಬೂರಿ, ವೇದಿಕೆ, ಸಭಿಕರ ಚಪ್ಪಾಳೆ ಇವು ಕಣ್ಣಮುಂದೆ ಬರುವುದು ಸಹಜ. ಆದರೆ ಕೋಲಾರ ಸೀಮೆಯ ಹಿರಿಯರನ್ನು ಕೇಳಿದರೆ ಅವರು ನೆನೆಯುವ ಸಂಗೀತವೇ ಬೇರೆ. ಕೆರೆ ಕೋಡಿ ಬಿದ್ದ ರಾತ್ರಿ ಊರಿಗೆಲ್ಲ ಕೇಳಿಸುವ ನೀರಿನ ಮೊರೆತ, ಅದರ ಜೊತೆಗೆ ಕಪ್ಪೆಗಳ ವಟವಟ, ಮರುದಿನ ಗಂಗಮ್ಮನ ಪೂಜೆಗೆ ತಲೆಯ ಮೇಲೆ ತಂಬಿಟ್ಟಿನ ದೀಪ ಹೊತ್ತು ಹೆಂಗಸರು ಏರಿಯ ಮೇಲೆ ನಡೆಯುವಾಗ ಮುಂದೆ ಮುಂದೆ ಸಾಗುವ ತಮಟೆಯ ಗತ್ತು. 2021ರ ನವೆಂಬರಿನ ಮಳೆಯಲ್ಲಿ ಆ ಜಿಲ್ಲೆಯ ಅನೇಕ ಕೆರೆಗಳು ಬಹು ವರ್ಷಗಳ ಮೇಲೆ ಕೋಡಿ ಹರಿದಾಗ, ಕ್ಯಾಲನೂರಿನ ಆಸುಪಾಸಿನ ಹಳ್ಳಿಗಳ ಎಳೆಯರಲ್ಲಿ ಎಷ್ಟೋ ಮಂದಿಗೆ ಅದು ಜನ್ಮದಲ್ಲಿ ಮೊದಲ ಸಲ ಕೇಳಿದ ಸದ್ದಾಗಿದ್ದಿರಬೇಕು.

ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ನಾಡು ಅದು. ಪಾಲಾರ್ ಮತ್ತು ದಕ್ಷಿಣ ಪಿನಾಕಿನಿಗಳ ಹೆಸರು ದೊಡ್ಡದು; ಮಳೆ ನಿಂತರೆ ಅವುಗಳ ಪಾತ್ರದಲ್ಲಿ ಕಾಣುವುದು ಮರಳು ಮಾತ್ರ. ಹಾಗಾಗಿ ಹಿಂದಿನವರು ಬಿದ್ದ ಹನಿಯನ್ನು ಬಿದ್ದಲ್ಲೇ ಹಿಡಿಯಲು ಕಲಿತರು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ, ಅದರ ಕೋಡಿ ಅದಕ್ಕೂ ಕೆಳಗಿನದಕ್ಕೆ, ಹೀಗೆ ಸರಪಳಿಯಂತೆ ಕಟ್ಟಿದರು. 1866ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು, ಈ ರಾಜ್ಯದಲ್ಲಿ ಹೊಸದೊಂದು ಕೆರೆಗೆ ಜಾಗ ಹುಡುಕಬೇಕಾದರೆ ಜಾಣ್ಮೆಯೇ ಬೇಕು ಎಂಬರ್ಥದಲ್ಲಿ ಬರೆದರು. (1882ರಲ್ಲಿ ಅವರೇ ಬೆಂಗಳೂರಿನಲ್ಲಿ ಒಂದು ಜಾಗ ಹುಡುಕಿ ಕಟ್ಟಿಸಿದ ಕೆರೆಗೆ ಇಂದಿಗೂ ಅವರ ಹೆಸರಿದೆ.)

ಈ ಕೆರೆಗಳ ಚರಿತ್ರೆ ಕಲ್ಲಿನ ಮೇಲಿದೆ. ಗಂಗರ ಕುವಲಾಲಪುರವೇ ಇಂದಿನ ಕೋಲಾರ. ಗಂಗರು, ನೊಳಂಬರು, ಚೋಳರು ಆಳಿದ ಆ ನೆಲದ ಶಾಸನಗಳನ್ನು ಬಿ. ಎಲ್. ರೈಸ್ ಅವರು ಕಲೆಹಾಕಿ 1905ರಲ್ಲಿ ಎಪಿಗ್ರಾಫಿಯ ಕರ್ನಾಟಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಕೆರೆ ಕಟ್ಟಿಸಿದವನಿಗೆ ಬಿಟ್ಟ ಭೂಮಿಗೆ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಹೆಸರುಗಳು ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆದರೆ ಕಟ್ಟಿಸಿದವನ ಹೆಸರು ಬರೆದ ಕಲ್ಲು, ಕಟ್ಟಿದವನ ಹೆಸರನ್ನು ಬರೆಯುವುದು ಅಪರೂಪ. ಮಣ್ಣು ಹೊತ್ತ ಒಡ್ಡರ ಲೆಕ್ಕವಿಟ್ಟವರು ಯಾರು?

ಇಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ನೆನಪಾಗದೆ ಇರರು. ಅವರು ಕೆರೆ ಕಟ್ಟಿಸುತ್ತಿದ್ದಾಗ ಅಲ್ಲಮಪ್ರಭುಗಳು ಬಂದು ‘ಒಡ್ಡರಾಮ’ ಎಂದು ಕೂಗಿದರೆಂದೂ, ಅದನ್ನು ಕೇಳಿ ಕೆಲಸದವರು ಸಿಟ್ಟಿನಿಂದ ಕಲ್ಲು ಬೀರಿದರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಪ್ರಭುಗಳು ಆ ಮಾತಿನಿಂದ ಸಿದ್ಧರಾಮರ ಒಳಗಿನ ಕೆರೆಯನ್ನು ಅಗೆಯಲು ಹೊರಟಿದ್ದರು ಎಂಬುದು ಅನುಭಾವದ ಅರ್ಥ. ಅದಿರಲಿ, ಹಂಗಿಸಲು ಆಡಿದ ಆ ಹೆಸರನ್ನೇ ಅಭಿಮಾನದಿಂದ ನೋಡುವ ಸಮುದಾಯವೂ ಇದೆ. ಕೆರೆ ಅಗೆದು ಬದುಕಿದ ಭೋವಿ ಜನಾಂಗ ಸಿದ್ಧರಾಮರನ್ನು ತಮ್ಮ ಗುರುವೆಂದು ಪೂಜಿಸುತ್ತದೆ. ಶಾಸನ ಬಿಟ್ಟದ್ದನ್ನು ಭಕ್ತಿ ಹಿಡಿದುಕೊಂಡಿತು. ಹಾಡೂ ಹಿಡಿದುಕೊಂಡಿತು. ನೀರು ಬಾರದ ಕೆರೆಗೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಟ್ಟ ‘ಕೆರೆಗೆ ಹಾರ’ವನ್ನು ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರು ಉಳಿಸದೇ ಹೋಗಿದ್ದರೆ, ಆ ನೋವು ಯಾವ ಶಾಸನದಲ್ಲಿ ಸಿಗುತ್ತಿತ್ತು?

ಕೆರೆಯ ನಿಜವಾದ ಸೊಗಸು ನೀರು ತುಂಬಿದಾಗಲ್ಲ, ಕಡಿಮೆಯಾದಾಗ ಗೊತ್ತಾಗುತ್ತಿತ್ತು. ಹಳೆಯ ಪದ್ಧತಿಯಲ್ಲಿ ತೂಬು ಎತ್ತುವವನು, ಕಾಲುವೆಗಳಿಗೆ ನೀರು ತಿರುಗಿಸುವವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ಗದ್ದೆಯ ಒಡೆಯ ತೀರ್ಮಾನಿಸುವಂತಿರಲಿಲ್ಲ. ಸ್ವಂತ ಕೈಯಿಂದ ಮಡೆ ಒಡೆದುಕೊಂಡರೆ ಅದು ತಪ್ಪು. ಬರದ ವರ್ಷದಲ್ಲಿ ‘ದಾಮಾಷಾ’ ಎಂಬ ಕ್ರಮವಿತ್ತು. ಕೆರೆಯಲ್ಲಿ ಅರ್ಧ ನೀರಿದ್ದರೆ ಅಚ್ಚುಕಟ್ಟಿನ ಅರ್ಧದಲ್ಲಷ್ಟೇ ಬೆಳೆ. ಹಾಗೆಂದು ತೂಬಿನ ಬಳಿಯ ಗದ್ದೆಯವನಿಗೆ ಪೂರಾ ಬೆಳೆ, ಕೊನೆಯವನಿಗೆ ಸೊನ್ನೆ ಎಂದಲ್ಲ. ತೂಬಿಗೆ ಹತ್ತಿರದ ಆ ನೆಲವನ್ನೇ ಎಲ್ಲರ ಹಿಡುವಳಿಯ ಪ್ರಮಾಣಕ್ಕೆ ತಕ್ಕಂತೆ ಆ ಒಂದು ಬೆಳೆಗೆ ಹಂಚಿಕೊಳ್ಳುತ್ತಿದ್ದರು. ತನ್ನ ಗದ್ದೆಯಲ್ಲಿ ಇನ್ನೊಬ್ಬ ಉಳಲು ಬಿಡುವುದು ಇಂದಿನವರಿಗೆ ಕಥೆಯಂತೆ ತೋರಬಹುದು.

ಆದರೆ ಈ ಮಾತನ್ನು ಇಷ್ಟಕ್ಕೇ ನಿಲ್ಲಿಸಿದರೆ ಅದು ಅರ್ಧ ಸತ್ಯವಾದೀತು. ನೀರುಗಂಟಿಯ ಕೆಲಸವನ್ನು ಬಹುಪಾಲು ಊರುಗಳಲ್ಲಿ ಮಾಡುತ್ತಿದ್ದವರು ಊರ ಹೊರಗಿನ ಕೇರಿಯವರು. ಸಾವಿರ ಮಂದಿಯ ಗದ್ದೆಗೆ ನೀರು ಹಂಚುವ ಕೈ, ಊರಬಾವಿಯ ಹಗ್ಗವನ್ನು ಮುಟ್ಟುವಂತಿರಲಿಲ್ಲ. ಗಂಗಮ್ಮನ ಪೂಜೆಗೆ ತಮಟೆ ಬಡಿದವನು ಪ್ರಸಾದಕ್ಕೆ ದೂರ ನಿಲ್ಲಬೇಕಿತ್ತು. ಗದ್ದೆಗೆ ನ್ಯಾಯವಿತ್ತು, ಮನುಷ್ಯನಿಗೆ ಇರಲಿಲ್ಲ. 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದ ಶಿಡ್ಲಘಟ್ಟ ಸೀಮೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು. ಆ ವಾದ್ಯ ಏರಿಯಿಂದ ರಾಷ್ಟ್ರಪತಿ ಭವನಕ್ಕೆ ನಡೆದ ದೂರ ಮೈಲಿಗಳಲ್ಲಿ ಅಳೆಯುವಂಥದ್ದಲ್ಲ.

1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯಿಂದ ತೋಟಿ, ತಳವಾರ, ನೀರುಗಂಟಿಗಳ ವಂಶಪಾರಂಪರ್ಯದ ಚಾಕರಿ ಕೊನೆಗೊಂಡಿತು. ಅದು ಆಗಲೇಬೇಕಿದ್ದ ಕೆಲಸ. ಬಿಟ್ಟಿ ಚಾಕರಿ ಹೋಯಿತು. ಅದರೊಡನೆ ಅಳತೆಯ ವಿದ್ಯೆಯೂ ಹೋಯಿತು. ಮುಂದೆ ಕೊಳವೆಬಾವಿ ಬಂತು. 1980ರ ದಶಕದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ನೀಲಗಿರಿ ಬೆಳೆಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿದ್ದವು, ಫ್ಲೋರೈಡ್ ಕುಡಿದ ಮಕ್ಕಳ ಹಲ್ಲು ಕಂದಾಗಿದ್ದವು. ಭತ್ತದ ಗದ್ದೆ ಟೊಮೆಟೊ ತೋಟವಾಯಿತು. ಟೊಮೆಟೊ ಕೋಲಾರದ ರೈತನ ಕೈ ಹಿಡಿದಿದೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಸಾಲಾಗಿ ಬಾಗಿ ಪೈರು ನೆಡುವವರಿಗೆ ಹಾಡು ಬೇಕಿತ್ತು, ಕೈಗಳೆಲ್ಲ ಒಂದೇ ಲಯಕ್ಕೆ ಏಳಬೇಕಿತ್ತು. ಹನಿ ನೀರಾವರಿಯ ಕೊಳವೆಗೆ ಯಾರ ಹಾಡಿನ ಹಂಗೂ ಇಲ್ಲ. ತೆಲುಗು ಕನ್ನಡ ಬೆರೆತ ಆ ನಾಟಿಪದಗಳು ಈಗ ಮುದುಕಿಯರ ನೆನಪಿನಲ್ಲಿ ಉಳಿದಿವೆ.

ವಿಚಿತ್ರವೆಂದರೆ ಕಾವೇರಿಯ ವಿದ್ಯುತ್ತು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ಬಂದಿತ್ತು. ನೆಲದೊಳಗಿನ ಬಂಗಾರಕ್ಕೆ ನೂರೈವತ್ತು ಕಿಲೋಮೀಟರಿನಷ್ಟು ದೂರದಿಂದ ಶಕ್ತಿ ಹರಿಯಿತು. ನೆಲದ ಮೇಲಿನ ಜನಕ್ಕೆ ನೀರು ಹರಿಯಲಿಲ್ಲ. ಗಣಿ 2001ರಲ್ಲಿ ಮುಚ್ಚಿತು.

ಕೊನೆಗೆ ನೀರು ಬಂದದ್ದು 2018ರ ಜೂನಿನಲ್ಲಿ, ಬೆಂಗಳೂರಿನ ಬಚ್ಚಲುಗಳಿಂದ. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನಂತೆ 126 ಕೆರೆಗಳಿಗೆ ಹರಿಸುವ ಯೋಜನೆ ಅದು. ಮೊದಲು ತುಂಬಿದ ಲಕ್ಷ್ಮೀಸಾಗರದ ಕೆರೆಯಲ್ಲಿ ಮರುತಿಂಗಳೇ ನೊರೆ ಕಂಡಿತು. ವ್ಯಾಜ್ಯ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಯಿತು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂಬುದು ಹೋರಾಟಗಾರರ ಬೇಡಿಕೆ.

ಈ ವಿಷಯದಲ್ಲಿ ಎರಡು ಬಗೆಯ ಅಸಹ್ಯಗಳನ್ನು ಬೇರ್ಪಡಿಸಿ ನೋಡಬೇಕು. ಯಾರ್‍ಯಾರೋ ಮಿಂದ ನೀರು ಎಂಬ ಹೇವರಿಕೆ ಮಡಿಯದು. ಅದು ಅಂದು ನೀರುಗಂಟಿಯನ್ನು ಬಾವಿಯಿಂದ ದೂರವಿಟ್ಟ ಹೇವರಿಕೆಯ ಒಡಹುಟ್ಟು. ಶರಣರ ಮಾತನ್ನು ನಂಬುವವರಿಗೆ ಅದರಲ್ಲಿ ಪಾಲಿರಬಾರದು. ಆದರೆ ಆ ನೀರಿನಲ್ಲಿ ಯಾವ ರಾಸಾಯನಿಕವಿದೆ, ಯಾವ ಲೋಹವಿದೆ, ಅದು ಕುಡಿಯುವ ಬಾವಿಗೆ ಇಳಿದರೆ ಏನಾದೀತು ಎಂಬ ಪ್ರಶ್ನೆ ಶುದ್ಧಿಯದು. ಅದನ್ನು ಕೇಳಿದ ರೈತನನ್ನು ಕೃತಘ್ನನೆಂದು ಕರೆಯುವುದು ಸಲ್ಲದು. ನಗರವು ತನ್ನ ಮಕ್ಕಳಿಗೆ ಬಯಸುವಷ್ಟೇ ಎಚ್ಚರವನ್ನು ಹಳ್ಳಿಯ ಮಕ್ಕಳಿಗೂ ಬಯಸಬೇಕಲ್ಲವೆ?

ಬತ್ತಿದ್ದ ಅನೇಕ ಕೊಳವೆಬಾವಿಗಳಲ್ಲಿ ಈಗ ನೀರಿದೆ, ಕೆರೆಗಳಲ್ಲಿ ಬೆಳ್ಳಕ್ಕಿಗಳಿವೆ. ಈ ನೀರು ಅಂತರ್ಜಲಕ್ಕಷ್ಟೇ ಮೀಸಲು; ಕೆರೆಯಿಂದ ನೇರವಾಗಿ ಎತ್ತಿಕೊಳ್ಳುವಂತಿಲ್ಲ ಎಂಬುದು ನಿಯಮ. ನಿಯಮಕ್ಕೆ ಕಾರಣವಿದೆ. ಆದರೆ ನೆಲದೊಳಗೆ ಇಳಿದ ನೀರು ಯಾರಿಗೆ ಸೇರುತ್ತದೆ? ಆಳವಾಗಿ ಕೊರೆಸಬಲ್ಲವನಿಗೆ, ದೊಡ್ಡ ಮೋಟಾರು ಇಳಿಸಬಲ್ಲವನಿಗೆ. ಕೆರೆ ತುಂಬಿದರೂ ಅಲ್ಲಿ ದಾಮಾಷಾ ಇಲ್ಲ. ಅಂದು ನೀರು ಹಂಚಿದವನ ಮೊಮ್ಮಗನಿಗೆ ಹೊಲವೇ ಇಲ್ಲದಿದ್ದರೆ ಪಾಲೂ ಇಲ್ಲ.

ಏರಿಯ ಮೇಲೆ ಪೂಜೆ ಮತ್ತೆ ಶುರುವಾಗಿದೆ. ತಂಬಿಟ್ಟಿನ ದೀಪಗಳು ಬರುತ್ತವೆ, ತಮಟೆ ಬರುತ್ತದೆ, ತೆಪ್ಪ ತೇಲುತ್ತದೆ. ಅಷ್ಟು ದೂರದಲ್ಲಿ ತೂಬಿನ ಎರಡು ಕಲ್ಲುಕಂಬಗಳು ನೀರಿನ ನಡುವೆ ನಿಂತಿರುತ್ತವೆ. ಅದನ್ನು ಎತ್ತಲು ಬಲ್ಲವರು ಊರಿನಲ್ಲಿ ಒಬ್ಬಿಬ್ಬರು ಇನ್ನೂ ಬದುಕಿದ್ದಾರು. ಅವರನ್ನು ಯಾರೂ ಕರೆಯುತ್ತಿಲ್ಲ.