ದಂಡ, ಬಸ್ಕಿ ಮತ್ತು ಬಾವಿಯ ಹಗ್ಗ

ಕಳೆದ ವರ್ಷದ ವೈಶಾಖದಲ್ಲಿ, ನಮ್ಮೂರಾದ ಬಡವನಹಳ್ಳಿಯ ಒಂದು ಮದುವೆಯ ಮನೆಯಲ್ಲಿ ನಡೆದ ಸಣ್ಣ ಸಂಗತಿಯೊಂದನ್ನು ವಾಚಕರಲ್ಲಿ ಅರಿಕೆ ಮಾಡಿಕೊಳ್ಳಬೇಕೆಂದಿದ್ದೇವೆ. ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಆದರೆ ನಮ್ಮಂತಹ ಗೃಹಸ್ಥರು ಅನೇಕರಿರುವುದರಿಂದ ಮುಚ್ಚಿಡುವುದು ಉಚಿತವಲ್ಲ.

ಹಿರಿಯರ ಪಂಕ್ತಿಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಊಟ ಮಾಡಿದೆವು. ಕೈತೊಳೆಯಲೆಂದು ಏಳಹೋದರೆ ಏಳಲಾಗಲಿಲ್ಲ. ಎಡಗೈಯನ್ನು ನೆಲಕ್ಕೂರಿದೆವು, ಮಂಡಿಗಳು ಮಾತು ಕೇಳಲಿಲ್ಲ. ಕೊನೆಗೆ ಬಡಿಸುತ್ತಿದ್ದ ಹುಡುಗರಿಬ್ಬರು ರಟ್ಟೆ ಹಿಡಿದೆತ್ತಿ ನಿಲ್ಲಿಸಿದರು. ಅದೇ ಸಮಯಕ್ಕೆ ಎದುರುಸಾಲಿನಲ್ಲಿ, ಎಂಬತ್ತು ದಾಟಿದ ಹಿರಿಯರೊಬ್ಬರು ಯಾರ ಕೈಯನ್ನೂ ಹಿಡಿಯದೆ ಎದ್ದು ನಡೆದುಹೋದರು. ನಮಗಿನ್ನೂ ೫೮ ವರ್ಷ.

ಮೂವತ್ತು ವರ್ಷಗಳ ಕಾಲ ಕುರ್ಚಿಯ ಮೇಲೆ ಕುಳಿತು ಲೆಕ್ಕಪತ್ರಗಳನ್ನು ನೋಡಿದ ದೇಹ ನಮ್ಮದು. ಸಂಗತಿಯನ್ನು ಕೇಳಿದ ಮಗನು ನಮ್ಮನ್ನು ಬೆಂಗಳೂರಿಗೆ ಕರೆಸಿಕೊಂಡು ವ್ಯಾಯಾಮಶಾಲೆಯೊಂದಕ್ಕೆ ಸೇರಿಸಿದನು. ಒಂದೇ ವಾರದಲ್ಲಿ, ಶಕ್ತಿಗೆ ಮೀರಿದ ಭಾರವನ್ನೆತ್ತಲು ಹೋಗಿ ಭುಜ ಉಳುಕಿಸಿಕೊಂಡು ಊರಿಗೆ ಮರಳಿದೆವು. ದೋಷವು ನಮ್ಮ ಆತುರದ್ದೇ.

ಪಂಕ್ತಿಯಿಂದ ಎದ್ದುಹೋದ ಆ ಹಿರಿಯರನ್ನು ನಾವು ದೊಡ್ಡಪ್ಪನೆಂದೇ ಕರೆಯುವುದು ವಾಡಿಕೆ. ಯೌವನದಲ್ಲಿ ಗರಡಿಯ ಕೆಮ್ಮಣ್ಣನ್ನು ಮೈಗೆ ಹಚ್ಚಿಕೊಂಡವರು. ನಮ್ಮ ಕಥೆಯನ್ನು ಕೇಳಿ, “ಅಲ್ಲಿ ತೆತ್ತದ್ದೂ ದಂಡ, ಇಲ್ಲಿ ಹೊಡೆಯುವುದೂ ದಂಡವೇ ಕಣಪ್ಪಾ. ಇದಕ್ಕೆ ಕಾಸು ಬೇಡ, ತಾಳ್ಮೆ ಬೇಕು” ಎಂದು ನಕ್ಕರು.

ಭುಜದ ನೋವು ಮಾಯ್ದ ಮೇಲೆ ಅವರು ಹೇಳಿದ ಕ್ರಮ ಬಹು ಸರಳವಾದುದು. ಮೊದಲು ನಡುಮನೆಯ ಕಂಬವನ್ನು ಹಿಡಿದು ಅರ್ಧ ಬಸ್ಕಿ, ಹತ್ತೇ ಹತ್ತು. ದಂಡವನ್ನು ನೆಲದ ಮೇಲಲ್ಲ, ಗೋಡೆಗೆ ಕೈಯಿಟ್ಟು. ಕೆಲವು ವಾರಗಳಾದ ಮೇಲೆ ಜಗಲಿಯ ಅಂಚಿಗೆ, ಆಮೇಲೆ ನೆಲಕ್ಕೆ. ಕೈಯೂರುವ ಎಡೆ ತಗ್ಗಿದಷ್ಟೂ ತೋಳಿನ ಮೇಲೆ ಬೀಳುವ ಮೈಭಾರ ಹೆಚ್ಚುತ್ತದೆ. ಆದುದರಿಂದ ಕಬ್ಬಿಣದ ಬಿಲ್ಲೆಗಳ ಕೆಲಸವನ್ನು ಗೋಡೆ, ಜಗಲಿ, ನೆಲಗಳೇ ಮಾಡುತ್ತವೆ. ಮಾಡುವಾಗ ಉಸಿರು ಕಟ್ಟಬಾರದು, ಮಂಡಿ ನೊಂದರೆ ನಿಲ್ಲಿಸಬೇಕು ಎಂಬೆರಡೇ ಕಟ್ಟುಪಾಡು. ನಾಲ್ಕು ತಿಂಗಳಿಗೆ ಕಂಬದ ಹಂಗು ತಪ್ಪಿತು.

ದೀಪಾವಳಿಗೆ ಬಂದ ಮಗನು ನಮ್ಮ ಸಾಧನೆಯನ್ನು ನೋಡಿ ಸಂತೋಷಪಟ್ಟರೂ ಒಂದು ಪ್ರಶ್ನೆ ಹಾಕಿದನು: “ಅಪ್ಪಾ, ನೀವು ದಂಡದಲ್ಲಿ ನೂಕುತ್ತೀರಿ, ಬಸ್ಕಿಯಲ್ಲಿ ಏಳುತ್ತೀರಿ. ಎಳೆಯುವುದೆಲ್ಲಿ? ಬೆನ್ನಿಗೆ ಕೆಲಸವೆಲ್ಲಿ?” ನಮಗೆ ಉತ್ತರ ತೋಚಲಿಲ್ಲ. ದೊಡ್ಡಪ್ಪನವರನ್ನು ಕೇಳಿದಾಗ ಅವರು ಕ್ಷಣಕಾಲ ಯೋಚಿಸಿ, “ನಮಗೆ ಬಾವಿ ಇತ್ತಲ್ಲಪ್ಪ” ಎಂದರು.

ಆ ಒಂದು ಮಾತು ನಮ್ಮ ಕಣ್ಣು ತೆರೆಯಿಸಿತು. ಹಿಂದಿನವರು ಗರಡಿಯಲ್ಲಿ ದಂಡ ಹೊಡೆದದ್ದು ನಿಜ; ಆದರೆ ಅದರ ಮೊದಲು ಗುದ್ದಲಿ ಹಿಡಿದು ಗರಡಿಯ ಮಣ್ಣನ್ನು ಅಗೆದು ಹದಮಾಡುತ್ತಿದ್ದರು; ಮನೆಗೆ ಬಂದು ಬಾವಿಯಿಂದ ನೀರು ಸೇದುತ್ತಿದ್ದರು. ಹೆಂಗಸರಂತೂ ಗರಡಿಯ ಹೊಸ್ತಿಲು ತುಳಿಯದಿದ್ದರೂ ಬೀಸುವ ಕಲ್ಲು, ಒರಳು, ಕೊಡಗಳಲ್ಲಿಯೇ ಸಾಮು ಮಾಡಿದರು. ಇಂದು ನಮ್ಮ ಹಿತ್ತಲಿನ ಬಾವಿ ಬತ್ತಿದೆ. ಕೊಳವೆಬಾವಿಯ ನೀರು ಗುಂಡಿಯೊತ್ತಿದರೆ ಬರುತ್ತದೆ. ಆ ದುಡಿಮೆಯೇ ಮರಳಲೆಂದು ನಾವು ಹಾರೈಸುವುದಿಲ್ಲ. ಅದು ಎಷ್ಟು ತಾಯಂದಿರ ಬೆನ್ನು ಬಗ್ಗಿಸಿತೆಂಬುದನ್ನು ಕಂಡಿದ್ದೇವೆ. ಆದರೆ ಹಳೆಯ ವ್ಯಾಯಾಮವನ್ನು ಹಳೆಯ ಬಾಳಿನಿಂದ ಬೇರ್ಪಡಿಸಿ ತಂದರೆ ನಮಗೆ ದೊರೆಯುವುದು ಅರ್ಧವೇ. ಉಳಿದರ್ಧವನ್ನು ನಾವು ಜೋಡಿಸಿಕೊಳ್ಳಬೇಕು.

ಹೀಗೆ ಹಳೆಯದನ್ನೂ ಹೊಸದನ್ನೂ ಕೂಡಿಸುವುದು ನಮ್ಮ ನಾಡಿಗೆ ಹೊಸತಲ್ಲ. ‘ಶಾಂತಲಾ’, ‘ರೂಪದರ್ಶಿ’ಗಳ ಕರ್ತೃಗಳೆಂದು ವಾಚಕರು ಬಲ್ಲ ಕೆ. ವಿ. ಅಯ್ಯರ್ ಅವರು ಬೆಂಗಳೂರಿನ ತಮ್ಮ ಹರ್ಕ್ಯುಲಿಸ್ ವ್ಯಾಯಾಮಶಾಲೆಯಲ್ಲಿ ಕಬ್ಬಿಣದ ಭಾರಗಳನ್ನೆತ್ತಿಸಿದವರು. ಅವರೇ ೧೯೩೭ರಲ್ಲಿ ಸೂರ್ಯನಮಸ್ಕಾರವನ್ನು ಕುರಿತು ಇಂಗ್ಲಿಷಿನಲ್ಲಿ ಪುಸ್ತಕವನ್ನೂ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ಹೊರಡಿಸಿದ ಸೂಚನೆಗಳು ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಿತವಾದ ಶ್ರಮವಲ್ಲದೆ, ಕನಿಷ್ಠ ೨ ದಿನ ಎಲ್ಲ ಮುಖ್ಯ ಸ್ನಾಯುಗಳನ್ನೂ ಬಲಪಡಿಸುವ ವ್ಯಾಯಾಮ ಬೇಕೆನ್ನುತ್ತವೆ. ಎಲ್ಲ ಸ್ನಾಯುಗಳೆಂದಮೇಲೆ ಬೆನ್ನೂ ಸೇರಿತಲ್ಲವೆ?

ಬಾವಿಯ ಹಳೆಯ ಹಗ್ಗ ಲಡ್ಡಾಗಿತ್ತು. ಮಧುಗಿರಿಯಿಂದ ಗಟ್ಟಿಯಾದ ಹೊಸ ಹಗ್ಗ ತಂದು ತೊಲೆಗೆ ಕಟ್ಟಿದೆವು. ಅದನ್ನು ಎರಡು ಕೈಯಲ್ಲಿ ಹಿಡಿದು, ಹಿಮ್ಮಡಿಯೂರಿ, ಹಿಂದಕ್ಕೆ ವಾಲಿ, ಎದೆಯನ್ನು ಹಗ್ಗದೆಡೆಗೆ ಎಳೆದುಕೊಳ್ಳುವುದು. ಪಾದಗಳನ್ನು ಮುಂದೆ ಸರಿಸಿದಷ್ಟೂ ಶ್ರಮ ಹೆಚ್ಚು. ಈಗ ವಾರದಲ್ಲಿ ೩ ದಿನ ದಂಡ, ಬಸ್ಕಿ, ಹಗ್ಗ. ಉಳಿದ ದಿನ ಹೊಲದ ಬದುವಿನ ಮೇಲೆ ನಡಿಗೆ. ಮನೆಯವರೂ ಜೊತೆಗೂಡಿದ್ದಾರೆ, ಹಗ್ಗದ ವಿಷಯದಲ್ಲಿ ಅವರೇ ನಮಗಿಂತ ಮೇಲು. ರಕ್ತದೊತ್ತಡ, ಹೃದಯದ ತೊಂದರೆಗಳುಳ್ಳವರು ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು.

ಈ ವೈಶಾಖದಲ್ಲಿಯೂ ಊರಿನಲ್ಲಿ ಮದುವೆಯಾಯಿತು. ಪಂಕ್ತಿಯಲ್ಲಿ ಕುಳಿತು ಉಂಡೆವು. ಮಂಡಿ ಲಟಕ್ಕೆಂದಿತು, ಆದರೂ ನಾವಾಗಿಯೇ ಎದ್ದೆವು. ಪಕ್ಕದ ಎಲೆಯಲ್ಲಿ ನಮ್ಮದೇ ವಯಸ್ಸಿನವರೊಬ್ಬರು ಕೈಯೂರಿ ಅತ್ತಿತ್ತ ನೋಡುತ್ತಿದ್ದರು. ಅವರ ರಟ್ಟೆ ಹಿಡಿದು ಎತ್ತಿದೆವು. ಆಗ ಅವರ ಮುಖದಲ್ಲಿ ಮೂಡಿದ ನಾಚಿಕೆ ನಮಗೆ ಚೆನ್ನಾಗಿ ಪರಿಚಯವಿದ್ದುದೇ. ಮರುದಿನವೇ ಅವರನ್ನು ಮನೆಗೆ ಕರೆದು ಕಂಬವನ್ನು ತೋರಿಸಿದೆವು.